ಸೋಲ್ತಾ ಇರೋ ಟೀಮಲ್ಲಿ ಆಡಿ ಹುಡುಗ್ರು ಬೆಳೀತಾರಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಸರ್, ಅಮೆರಿಕದ ಒಳ್ಳೊಳ್ಳೆ ಫುಟ್‌ಬಾಲ್ ಹುಡುಗ್ರು ಯುರೋಪಿಗೆ ಹೋದ್ರೆ ಪಾಯಿಂಟ್ಸ್ ಟೇಬಲ್ಲಿನ ಕೊನೆಯಲ್ಲಿ ಒದ್ದಾಡೋ ಕ್ಲಬ್‌ಗಳಲ್ಲೇ ಯಾಕೆ ಇರ್ತಾರೆ? ಜರ್ಮನಿಯ ಶಾಲ್ಕೆ, ವೆರ್ಡರ್ ಬ್ರೆಮೆನ್, ಇಟಲಿಯ ವೆನೆಜಿಯಾ, ಇಂಗ್ಲೆಂಡಿನ ಲೀಡ್ಸ್, ಎಲ್ಲಿ ನೋಡಿದ್ರೂ ಒಬ್ಬಿಬ್ರು ಅಮೆರಿಕನ್ಸ್, ಆ ಟೀಮ್ ಮೊದಲ ಡಿವಿಷನ್‌ನಿಂದ ಎರಡನೇದಕ್ಕೆ ಕೆಳಗಿಳಿದಿರುತ್ತೆ.

ಉತ್ತರ: ಎಲ್ಲರೂ ಹಾಗಲ್ಲ, ಅಮೆರಿಕದ ಸ್ಟಾರ್ ಪುಲಿಸಿಕ್ ಬೆಳೆದಿದ್ದು ಜರ್ಮನಿಯ ಡಾರ್ಟ್ಮಂಡ್‌ನಂಥ ದೊಡ್ಡ ಕ್ಲಬ್ಬಲ್ಲೇ. ಆದ್ರೆ ನೀವು ಗಮನಿಸಿರೋದು ಸುಳ್ಳಲ್ಲ. ಕಾರಣ ತುಂಬಾ ಸರಳ, ದೊಡ್ಡ ಕ್ಲಬ್ಬಲ್ಲಿ 18 ವರ್ಷದ ಹುಡುಗನಿಗೆ ಬೆಂಚ್ ಸಿಗೋದೂ ಕಷ್ಟ, ಕಷ್ಟದಲ್ಲಿರೋ ಕ್ಲಬ್ಬಲ್ಲಿ ಜಾಗ ತಾನಾಗೇ ಖಾಲಿ ಆಗುತ್ತೆ. ಯೂನಸ್ ಮೂಸಾನ ಕಥೆ ನೋಡಿ, ನ್ಯೂಯಾರ್ಕಲ್ಲಿ ಹುಟ್ಟಿ, ಇಟಲಿಯಲ್ಲಿ ಬೆಳೆದು, ಆರ್ಸೆನಲ್ ಅಕಾಡೆಮಿಯಲ್ಲಿ ಕಲಿತು 2019ರಲ್ಲಿ ಸ್ಪೇನಿನ ವಲೆನ್ಸಿಯಾಗೆ ಹೋದ. ಮುಂದಿನ ವರ್ಷ ಆ ಕ್ಲಬ್ ದುಡ್ಡಿಲ್ದೆ ಒಂದೇ ಬೇಸಿಗೆಯಲ್ಲಿ ಫೆರಾನ್ ಟೊರೆಸ್, ಪರೇಹೊ, ಕೊಕ್ಲಾಂ, ರೊಡ್ರಿಗೊ ಎಲ್ಲರನ್ನೂ ಕಳಿಸಿಬಿಡ್ತು. ಮಿಡ್‌ಫೀಲ್ಡಲ್ಲಿ ಆಡೋಕೆ ಜನ ಇಲ್ಲ, ಕೋಚ್ ಹಾವಿ ಗ್ರಾಸಿಯಾ 17 ವರ್ಷದ ಈ ಹುಡುಗನನ್ನ ಸೀಸನ್ನಿನ ಮೊದಲನೇ ಮ್ಯಾಚಲ್ಲೇ ಇಳಿಸಿದ್ರು. ಕ್ಲಬ್ ಚೆನ್ನಾಗಿದ್ದಿದ್ರೆ ಆ ಚಾನ್ಸ್ ಬರೋಕೆ ಇನ್ನೂ ಎರಡ್ಮೂರು ವರ್ಷ ಆಗ್ತಿತ್ತೇನೋ.

ಇನ್ನೊಂದು ವಿಷ್ಯ, ಜರ್ಮನಿಯ ಮೊದಲ ಡಿವಿಷನ್ ಲೀಗ್ ಬುಂಡೆಸ್‌ಲೀಗಾದಲ್ಲಿ ಯುರೋಪಿನ ಹೊರಗಿನ ಆಟಗಾರರು ಇಷ್ಟೇ ಜನ ಇರ್ಬೇಕು ಅನ್ನೋ ಮಿತಿ ಇಲ್ಲ, ಸ್ಪೇನ್ ಇಟಲಿಯಲ್ಲಿ ಇದೆ. ಅದಕ್ಕೇ ಹೆಚ್ಚಿನವರ ಮೊದಲ ನಿಲ್ದಾಣ ಜರ್ಮನಿ. ಹಾಗೇ ಇದನ್ನೂ ನೆನಪಿಡಿ, ಅಮೆರಿಕದ ಮಿಡ್‌ಫೀಲ್ಡರ್ ವೆಸ್ಟನ್ ಮೆಕೆನಿ 2016ರಲ್ಲಿ ಸೇರಿದಾಗ ಶಾಲ್ಕೆ ಮುಳುಗೋ ಹಡಗು ಆಗಿರಲಿಲ್ಲ, 2017-18ರಲ್ಲಿ ಲೀಗಲ್ಲಿ ಎರಡನೇ ಸ್ಥಾನ ಬಂದಿತ್ತು. ಹುಡುಗ ಒಳಗಿದ್ದಾಗಲೇ ಕ್ಲಬ್ ಕುಸೀತು.

ಪ್ರಶ್ನೆ: ಶಾಲ್ಕೆಯಲ್ಲಿ ಹ್ಯಾಟ್ರಿಕ್ ಹೊಡೆದ ಆ ಅಮೆರಿಕದ ಹುಡುಗ ಈಗ ಯಾಕೆ ಕಾಣಿಸ್ತಿಲ್ಲ? ಅವತ್ತು ಅವನನ್ನ ನೋಡಿ ಮುಂದಿನ ಸ್ಟಾರ್ ಇವನೇ ಅಂದ್ಕೊಂಡಿದ್ದೆ.

ಉತ್ತರ: ನಾನೂ ಹಾಗೇ ಅಂದ್ಕೊಂಡಿದ್ದೆ. ಮ್ಯಾಥ್ಯೂ ಹೊಪ್ಪಿ ಬಗ್ಗೆ ಬರೆಯೋಕೆ ಕೂತ್ರೆ ಈಗಲೂ ಮನಸ್ಸು ಭಾರ ಆಗುತ್ತೆ.

ಶಾಲ್ಕೆ ಇರೋದು ಗೆಲ್ಸೆನ್‌ಕಿರ್ಚೆನ್ ಅನ್ನೋ ಹಿಂದೆ ಕಲ್ಲಿದ್ದಲು ಗಣಿಗಳಿದ್ದ ಊರಲ್ಲಿ, ಆಟಗಾರರು ಮೈದಾನಕ್ಕೆ ಬರೋ ಸುರಂಗವನ್ನೂ ಗಣಿ ಥರಾನೇ ಮಾಡಿದ್ದಾರೆ, ಆ ಊರಿಗೆ ಕ್ಲಬ್ ಅಂದ್ರೆ ಜೀವ. ಅಂಥ ಕ್ಲಬ್ 2020ರ ಜನವರಿ 17ಕ್ಕೆ ಒಂದು ಲೀಗ್ ಮ್ಯಾಚ್ ಗೆದ್ದಿದ್ದು, ಆಮೇಲೆ ಸತತ 30 ಮ್ಯಾಚ್ ಗೆಲುವೇ ಇಲ್ಲ. 1965-66ರಲ್ಲಿ ಟಾಸ್ಮೇನಿಯಾ ಬರ್ಲಿನ್ ಅನ್ನೋ ಟೀಮ್ 31 ಮ್ಯಾಚ್ ಗೆಲ್ದೇ ಇದ್ದಿದ್ದು ಬುಂಡೆಸ್‌ಲೀಗಾದ ಅತಿ ಕೆಟ್ಟ ದಾಖಲೆ, ಇನ್ನೊಂದೇ ಮ್ಯಾಚ್ ಹೋಗಿದ್ರೆ ಅದಕ್ಕೆ ಸಮ. ಮೇಲಿಂದ 20 ಕೋಟಿ ಯೂರೋ ದಾಟಿದ ಸಾಲ, ಕೊರೊನಾದಿಂದ ಖಾಲಿ ಸ್ಟೇಡಿಯಂ. ಆಗ, 2021ರ ಜನವರಿ 9ಕ್ಕೆ, ಕೆಲವೇ ತಿಂಗಳ ಹಿಂದೆ ನಾಲ್ಕನೇ ಡಿವಿಷನ್ನಿನ ರಿಸರ್ವ್ ಟೀಮಲ್ಲಿ ಆಡ್ತಿದ್ದ 19 ವರ್ಷದ ಹುಡುಗ ಹೊಫೆನ್‌ಹೈಮ್ ಮೇಲೆ ಮೂರು ಗೋಲ್ ಹೊಡೆದ, ಮೂರಕ್ಕೂ ಪಾಸ್ ಕೊಟ್ಟಿದ್ದು ಅಮೀನ್ ಹಾರಿತ್, ನಾಲ್ಕನೇದನ್ನ ಹಾರಿತ್ ತಾನೇ ಹೊಡೆದ, 4-0. ಬುಂಡೆಸ್‌ಲೀಗಾದಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಅಮೆರಿಕನ್ ಅವನೇ.

ಆದ್ರೆ ಬರೀ ಒಬ್ಬ ಹುಡುಗನಿಂದ ಟೀಮ್ ಉಳಿಯಲ್ಲ ಅಲ್ವಾ. ಆ ಸೀಸನ್ ಒಂದರಲ್ಲೇ ಶಾಲ್ಕೆಗೆ ಐದು ಜನ ಕೋಚ್‌ಗಳು, ಒಬ್ಬರು ಬಂದು ಒಂದು ಹೇಳ್ಕೊಡೋದು, ಅದು ಮೈಗೆ ಹತ್ತೋ ಮುಂಚೆ ಇನ್ನೊಬ್ಬರು ಬಂದು ಬೇರೇನೋ ಹೇಳೋದು. ಕೊನೆಗೆ ಬರೀ 16 ಪಾಯಿಂಟ್, ಲೀಗಲ್ಲೇ ಕೊನೇ ಸ್ಥಾನ. ಹೊಪ್ಪಿ ಆರು ಗೋಲ್ ಹೊಡೆದಿದ್ದ, ಆ ಬೇಸಿಗೆಯಲ್ಲಿ ಉತ್ತರ, ಮಧ್ಯ ಅಮೆರಿಕ ಮತ್ತೆ ಕೆರಿಬಿಯನ್ ದೇಶಗಳು ಆಡೋ ಗೋಲ್ಡ್ ಕಪ್ ಕ್ವಾರ್ಟರ್ ಫೈನಲಲ್ಲಿ ಜಮೈಕಾ ಮೇಲೆ ಗೆಲುವಿನ ಗೋಲೂ ಅವನದ್ದೇ. ಆಮೇಲೆ ಸ್ಪೇನಿನ ಮಯೋರ್ಕಾಗೆ ಹೋದ, ಅಲ್ಲಿ ಬೆರಳೆಣಿಕೆಯಷ್ಟು ಮ್ಯಾಚ್, ಅಲ್ಲಿಂದ ಇಂಗ್ಲೆಂಡಿನ ಮಿಡಲ್ಸ್‌ಬರೋ, ಲೋನ್ ಮೇಲೆ, ಅಂದ್ರೆ ಸ್ವಲ್ಪ ಕಾಲಕ್ಕೆ ಎರವಲಾಗಿ, ಸ್ಕಾಟ್ಲೆಂಡಿನ ಹಿಬರ್ನಿಯನ್, ಆಮೇಲೆ ಅಮೆರಿಕದ ಸ್ಯಾನ್ ಹೊಸೆ, ಆಮೇಲೆ ಡೆನ್ಮಾರ್ಕ್. ನಾಲ್ಕು ವರ್ಷದಲ್ಲಿ ಐದು ದೇಶ, ಎಲ್ಲೂ ಬೇರು ಬಿಡೋಕಾಗಲಿಲ್ಲ. ತಪ್ಪು ಹುಡುಗಂದು ಅಂತ ನಾನು ಹೇಳಲ್ಲ, ಅವಸರದಲ್ಲಿ ಮಾರಿದ ಕ್ಲಬ್ ಮತ್ತೆ ಅವನನ್ನ ಎಲ್ಲಿ ಆಡಿಸ್ಬೇಕು ಅಂತ ಯೋಚನೆ ಮಾಡ್ದೇ ತಗೊಂಡ ಕ್ಲಬ್, ಈ ಎರಡರ ಮಧ್ಯೆ ಸಿಕ್ಕಿಹಾಕ್ಕೊಂಡ ಅನ್ನೋದು ನನ್ನ ಅಭಿಪ್ರಾಯ.

ಪ್ರಶ್ನೆ: ಅಂದ್ರೆ ಟೀಮ್ ಕೆಳಗಿಳಿದ್ರೆ ಆಟಗಾರನ ಕೆರಿಯರ್ ಮುಗೀತು ಅಂತಾನಾ?

ಉತ್ತರ: ಖಂಡಿತ ಇಲ್ಲ. ಮೆಕೆನಿನೇ ತಗೊಳ್ಳಿ, ಶಾಲ್ಕೆ ಕೆಳಗಿಳಿಯೋ ಸೀಸನ್ ಶುರುವಾಗೋ ಮುಂಚೆ, 2020ರ ಆಗಸ್ಟಲ್ಲಿ ಇಟಲಿಯ ಯುವೆಂಟಸ್ ಕರ್ಕೊಂಡು ಹೋಯ್ತು. 2023ರ ಜನವರಿಯಲ್ಲಿ ಲೋನ್ ಮೇಲೆ ಲೀಡ್ಸ್‌ಗೆ ಹೋದ, ಹೋಗಿ ಒಂದು ವಾರಕ್ಕೇ ಕೋಚ್ ಜೆಸ್ಸಿ ಮಾರ್ಷ್ ಔಟ್, ಕೊನೆಗೆ ಲೀಡ್ಸೂ ಕೆಳಗಿಳೀತು, ಇವನು ವಾಪಸ್ ಯುವೆಂಟಸ್‌ಗೆ ಬಂದು ಮತ್ತೆ ಮೊದಲ ಹನ್ನೊಂದರಲ್ಲಿ ಜಾಗ ಹಿಡಿದ.

ನಾನು ಇಷ್ಟು ವರ್ಷ ನೋಡಿರೋ ಪ್ರಕಾರ ಮಿಡ್‌ಫೀಲ್ಡರ್‌ಗೂ ಸ್ಟ್ರೈಕರ್‌ಗೂ ಇಲ್ಲಿ ತುಂಬಾ ವ್ಯತ್ಯಾಸ ಇದೆ, ಇದನ್ನ ಯಾರೂ ಅಷ್ಟಾಗಿ ಮಾತಾಡಲ್ಲ. ಸೋಲೋ ಟೀಮಲ್ಲಿ ಮಿಡ್‌ಫೀಲ್ಡರ್‌ಗೆ ಕೆಲಸ ಜಾಸ್ತಿ, ಓಡ್ತಾನೆ, ಬಾಲ್ ಕಿತ್ಕೋತಾನೆ, 3-0 ಸೋತ್ರೂ ಆಟಗಾರರನ್ನ ಹುಡುಕ್ಕೊಂಡು ಬಂದ ಸ್ಕೌಟ್ ಕಣ್ಣಿಗೆ ಬೀಳ್ತಾನೆ. ಸ್ಟ್ರೈಕರ್ ಪಾಡು ಬೇರೆ, ಅವನಿಗೆ ಬಾಲೇ ಬರಲ್ಲ, ಆದ್ರೆ ಎಲ್ಲರೂ ಗೋಲ್ ಎಷ್ಟು ಅಂತ ಮಾತ್ರ ಕೇಳ್ತಾರೆ. ಅಮೆರಿಕದ ಸ್ಟ್ರೈಕರ್ ರಿಕಾರ್ಡೊ ಪೆಪಿ 2022ರ ಜನವರಿಯಲ್ಲಿ ಎಫ್‌ಸಿ ಡಲ್ಲಾಸ್‌ನಿಂದ ಜರ್ಮನಿಯ ಆಗ್ಸ್‌ಬರ್ಗ್‌ಗೆ ಹೋದಾಗ ಅದು ಆಗ್ಸ್‌ಬರ್ಗ್ ಅಲ್ಲಿವರೆಗೂ ಕೊಟ್ಟಿದ್ದ ಅತಿ ದೊಡ್ಡ ಮೊತ್ತ, ವಯಸ್ಸು ಆಗಿನ್ನೂ 18, ಬುಂಡೆಸ್‌ಲೀಗಾದಲ್ಲಿ ಒಂದೇ ಒಂದು ಗೋಲ್ ಬರಲಿಲ್ಲ. ಹುಡುಗ ಕುಗ್ಗಿ ಹೋಗ್ತಾನೆ ಅಂದ್ಕೊಂಡ್ವಿ. ಅಲ್ಲಿಂದ ನೆದರ್‌ಲೆಂಡ್ಸಿನ ಗ್ರೋನಿಂಗೆನ್‌ಗೆ ಲೋನ್, ಅದು ಇನ್ನೂ ಕಷ್ಟದಲ್ಲಿದ್ದ ಟೀಮ್, ಆ ಸೀಸನ್ ಕೊನೇ ಸ್ಥಾನ ಬಂದು ಕೆಳಗಿಳೀತು, ಆದ್ರೆ ಪೆಪಿ ಲೀಗಲ್ಲಿ 12 ಗೋಲ್ ಹೊಡೆದ! ಅಲ್ಲಿ ಅವನೇ ಮುಖ್ಯ ಸ್ಟ್ರೈಕರ್, ಬಂದ ಬಾಲೆಲ್ಲಾ ಅವನಿಗೇ. ಮುಂದಿನ ಬೇಸಿಗೆಯಲ್ಲಿ ನೆದರ್‌ಲೆಂಡ್ಸಿನ ದೊಡ್ಡ ಕ್ಲಬ್ ಪಿಎಸ್‌ವಿ ತಗೊಳ್ತು, 2023-24ರಲ್ಲಿ ಲೀಗ್ ಚಾಂಪಿಯನ್.

ಇನ್ನೊಬ್ಬ ಅಮೆರಿಕನ್ ಸ್ಟ್ರೈಕರ್ ಜಾಶ್ ಸಾರ್ಜೆಂಟ್‌ದು ಇನ್ನೊಂದು ಥರ. 2021ರಲ್ಲಿ ಬ್ರೆಮೆನ್ ಜೊತೆ ಇಳಿದ, ಇಂಗ್ಲೆಂಡಿನ ನಾರ್ವಿಚ್‌ಗೆ ಹೋದ, 2022ರಲ್ಲಿ ಅದರ ಜೊತೆನೂ ಇಳಿದ, ಅಲ್ಲಿ ಮುಖ್ಯ ಸ್ಟ್ರೈಕರ್ ಆಗಿ ಪುಕ್ಕಿ ಇದ್ದಿದ್ರಿಂದ ಇವನನ್ನ ರೈಟ್ ವಿಂಗಲ್ಲಿ ಓಡಿಸ್ತಿದ್ರು. ಎರಡು ವರ್ಷದಲ್ಲಿ ಎರಡು ಸಲ ಕೆಳಗಿಳಿದ್ರೆ ಯಾರಿಗಾದ್ರೂ ಎದೆ ಒಡೆಯುತ್ತೆ. ಅವನು ಅಲ್ಲೇ ಉಳ್ಕೊಂಡ, ಎರಡನೇ ಡಿವಿಷನ್ ಅಂತ ಮುಖ ತಿರುಗಿಸಲಿಲ್ಲ, ಮುಂದಿನ ಎರಡು ಸೀಸನ್ನಲ್ಲಿ 13, 16 ಲೀಗ್ ಗೋಲ್. ನನಗೆ ಇವನ ಮೇಲೆ ವಿಶೇಷ ಗೌರವ.

ಪ್ರಶ್ನೆ: ಇವರನ್ನೆಲ್ಲಾ ಬೆಳೆಸಿದ ಅಮೆರಿಕದ ಕ್ಲಬ್‌ಗೆ ಆಮೇಲಿನ ಟ್ರಾನ್ಸ್‌ಫರ್‌ಗಳಲ್ಲಿ ಏನಾದ್ರೂ ಸಿಗುತ್ತಾ?

ಉತ್ತರ: ಸಿಗುತ್ತೆ, ಸ್ವಲ್ಪ. ಫೀಫಾ ನಿಯಮದಲ್ಲಿ ಟ್ರಾನ್ಸ್‌ಫರ್ ಮೊತ್ತದ 5% ಅವನಿಗೆ 12ರಿಂದ 23 ವರ್ಷದವರೆಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚಿಕೆ ಆಗ್ಬೇಕು. ಅಮೆರಿಕದ ಮುಖ್ಯ ಲೀಗ್ ಎಂಎಲ್‌ಎಸ್‌ನ ಕ್ಲಬ್‌ಗಳು ತುಂಬಾ ವರ್ಷ ಇದನ್ನ ಕೇಳ್ತಾನೇ ಇರಲಿಲ್ಲ, 2019ರಿಂದ ಕೇಳೋಕೆ ಶುರು ಮಾಡಿದ್ರು.

ಪ್ರಶ್ನೆ: ಸರ್, ನನ್ನ ಅಕ್ಕನ ಮಗ ಟೆಕ್ಸಾಸಲ್ಲಿ ಅಕಾಡೆಮಿ ಆಟಗಾರ, 17 ವರ್ಷ. ಜರ್ಮನಿಯ ಒಂದು ಕ್ಲಬ್ ಕರೀತಿದೆ, ಅದರ ಪರಿಸ್ಥಿತಿ ಚೆನ್ನಾಗಿಲ್ಲ ಅಂತಾರೆ. ಅಕ್ಕ ಭಾವ ಇಬ್ಬರಿಗೂ ನಿದ್ದೆ ಇಲ್ಲ. ಕಳಿಸಬಹುದಾ?

ಉತ್ತರ: ಮೊದಲು ವಯಸ್ಸಿನ ವಿಷ್ಯ. 18 ತುಂಬೋವರೆಗೆ ಬೇರೆ ದೇಶದ ಕ್ಲಬ್‌ಗೆ ಸೇರೋಕೆ ಫೀಫಾ ಬಿಡಲ್ಲ, ಕೆಲವೇ ವಿನಾಯಿತಿ ಇದೆ. ಪುಲಿಸಿಕ್ 16ಕ್ಕೇ ಆಡೋಕೆ ಆಗಿದ್ದು ಅವನ ತಾತನ ಕಡೆಯಿಂದ ಕ್ರೊಯೇಷಿಯಾ ಪಾಸ್‌ಪೋರ್ಟ್ ಸಿಕ್ಕಿದ್ದಕ್ಕೆ, ಯುರೋಪಿಯನ್ ಯೂನಿಯನ್ ಒಳಗೆ 16ರ ಮೇಲೆ ಹೋಗಬಹುದು. ನಿಮ್ಮ ಹುಡುಗನಿಗೆ ಅಂಥ ಪಾಸ್‌ಪೋರ್ಟ್ ಇಲ್ಲ ಅಂದ್ರೆ ಇನ್ನೊಂದು ವರ್ಷ ಟೈಮ್ ಇದೆ, ಅದನ್ನ ಜರ್ಮನ್ ಭಾಷೆ ಕಲಿಯೋಕೆ ಬಳಸ್ಲಿ. ಕೋಚ್ ಜೋರಾಗಿ ಕೂಗಿದ್ದು ಅರ್ಥ ಆಗದೇ ನಿಂತ್ರೆ ಎಷ್ಟೇ ಪ್ರತಿಭೆ ಇದ್ರೂ ಬೆಂಚೇ.

ಕ್ಲಬ್ ಕಷ್ಟದಲ್ಲಿದೆ ಅನ್ನೋದಕ್ಕೆ ಹೆದರಬೇಡಿ ಅಂತ ಅಕ್ಕನಿಗೆ ಹೇಳಿ, ಆದ್ರೆ ಭಾವ ಮಾತ್ರ ಕೂತು ಮೂರು ವಿಷ್ಯ ಕೇಳಿ ತಿಳ್ಕೊಳ್ಳಲಿ. ಹೋದ ಎರಡು ಸೀಸನ್ನಲ್ಲಿ ಎಷ್ಟು ಕೋಚ್ ಬದಲಾದ್ರು, ಅವನ ಜಾಗದಲ್ಲಿ ಈಗ ಎಷ್ಟು ಜನ ಇದ್ದಾರೆ, ಟೀಮ್ ಕೆಳಗಿಳಿದ್ರೆ ಕಾಂಟ್ರಾಕ್ಟಲ್ಲಿ ಏನಾಗುತ್ತೆ. ಕೊನೇದು ತುಂಬಾ ಮುಖ್ಯ. ಅಮೆರಿಕದ ಬ್ರೆಂಡನ್ ಆರನ್ಸನ್ 2023ರಲ್ಲಿ ಲೀಡ್ಸ್ ಇಳಿದಾಗ ಕಾಂಟ್ರಾಕ್ಟಲ್ಲಿ ಲೋನ್ ಮೇಲೆ ಹೋಗೋ ಷರತ್ತು ಇದ್ದಿದ್ರಿಂದ ಜರ್ಮನಿಯ ಯೂನಿಯನ್ ಬರ್ಲಿನ್‌ಗೆ ಹೋಗಿ ಮೊದಲ ಡಿವಿಷನ್ನಲ್ಲೇ ಉಳಿದ, ಆ ಟೀಮೂ ಕೊನೇ ದಿನ ಕೂದಲೆಳೆಯಲ್ಲಿ ಬಚಾವಾಯ್ತು, ಪಾಪ. ವಾಪಸ್ ಬಂದಾಗ ಲೀಡ್ಸ್ ಅಭಿಮಾನಿಗಳಲ್ಲಿ ತುಂಬಾ ಜನಕ್ಕೆ ಅವನ ಮೇಲೆ ಕೋಪ ಇತ್ತು, ಅವನು ಬಾಯಿ ಮುಚ್ಕೊಂಡು ಆಡಿದ, 2024-25ರಲ್ಲಿ 100 ಪಾಯಿಂಟ್ ತಗೊಂಡು ಎರಡನೇ ಡಿವಿಷನ್ ಗೆದ್ದು ಪ್ರೀಮಿಯರ್ ಲೀಗ್‌ಗೆ ಮರಳಿದ ಟೀಮಲ್ಲಿ ಅವನೂ ಇದ್ದ.

ಕಾಲೇಜ್ ಸ್ಕಾಲರ್‌ಶಿಪ್ ಆಸೆ ಇದ್ರೆ ಪ್ರೊಫೆಷನಲ್ ಕಾಂಟ್ರಾಕ್ಟ್‌ಗೆ ಸಹಿ ಹಾಕೋ ಮುಂಚೆ ಆ ಕಾಲೇಜಿನವರನ್ನೇ ಕೇಳ್ಬಿಡಿ. ಹುಡುಗ ಯಾವ ಪೊಸಿಷನ್ ಆಡ್ತಾನೆ ಅಂತ ನೀವು ಬರೆದಿಲ್ಲ. ಸ್ಟ್ರೈಕರ್ ಆಗಿದ್ರೆ ದಯವಿಟ್ಟು ಇನ್ನೊಂದು ಸಲ ಬರೀರಿ, ಆ ಕ್ಲಬ್ ಯಾವುದು ಅಂತಲೂ ತಿಳಿಸಿ, ಅವರ ಟೀಮಲ್ಲಿ ಮುಂದಕ್ಕೆ ಬಾಲ್ ಕೊಡೋರು ಯಾರಿದ್ದಾರೆ ಅಂತ ಇಬ್ಬರೂ ಕೂತು ನೋಡೋಣ.