ತಿಂಗಳಿಂದ ಕೆನ್ನೆ ಮೇಲೆ ಕೆಂಪು ದದ್ದು, ಸಂಜೆ ಸಣ್ಣ ಜ್ವರ, ಬೆರಳು ನೋವು. ಎರಡು ಡಾಕ್ಟರಿಗೆ ತೋರಿಸಿದೆ, ಗೊತ್ತಾಗಲಿಲ್ಲ. ಏನಿರಬಹುದು?

ಪುಣೆಯಲ್ಲಿ ಒಬ್ಬರೇ ಇದ್ದೀರಿ, ವಯಸ್ಸು 29, ಮೊದಲ ಡಾಕ್ಟರ್ ಅಲರ್ಜಿ ಅಂದರು, ಎರಡನೆಯವರು ಬಿಸಿಲು ಅಂದರು, ಮೆಡಿಕಲ್‌ನವನು ಕೊಟ್ಟ ಟ್ಯೂಬ್ ಹಚ್ಚಿದಾಗ ಕಮ್ಮಿಯಾಗಿ ಮತ್ತೆ ಬಂತು ಅಂತ ಬರೆದಿದ್ದೀರಿ. ನಾನು ಡಾಕ್ಟರ್ ಅಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿರುವ ಉಡುಪಿ ಕಡೆಯವಳು, ಇದೇ ದಾರಿಯಲ್ಲಿ ಏಳು ತಿಂಗಳು ಅಲೆದವಳು, ಅಷ್ಟೇ. ನನಗಿದ್ದದ್ದು ಲೂಪಸ್ ಅನ್ನುವ ಕಾಯಿಲೆ, ಅದೇ ನಿಮಗೂ ಇದೆ ಅಂತ ಹೇಳುತ್ತಿಲ್ಲ.

ನನ್ನದು 2018ರ ಮೇ ತಿಂಗಳಲ್ಲಿ ಶುರುವಾಯಿತು. ಊರಲ್ಲಿ ಮದುವೆಗೆ ಹೋಗಿ ಬಿಸಿಲಲ್ಲಿ ಓಡಾಡಿ ಬಂದ ಮೇಲೆ ಕೆನ್ನೆ ಕೆಂಪಾದದ್ದು ಇಳಿಯಲೇ ಇಲ್ಲ. ಅಮ್ಮ ಫೋನಿನಲ್ಲೇ ಪಿತ್ತದ ಗಂದೆ ಅಂತ ತೀರ್ಮಾನ ಮಾಡಿ ಪುನರ್ಪುಳಿ ಕುಡಿ ಅಂದರು. ಅದಕ್ಕೂ ಹೋಗದಿದ್ದಾಗ ನಾಗದೋಷ ಇರಬಹುದು ಅಂತ ಸುಬ್ರಹ್ಮಣ್ಯದಲ್ಲಿ ಆಶ್ಲೇಷ ಬಲಿ ಹೇಳಿಕೊಂಡರು. (ಮಾಡಿಸಿದೆವು ಕೂಡ. ಮದ್ದು ಬಿಡದೆ ಮಾಡಿದರೆ ನನ್ನದೇನೂ ತಕರಾರಿಲ್ಲ.) ಆಮೇಲೆ ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಸ್ಟೀಲ್ ಡಬ್ಬಿಯ ಮುಚ್ಚಳ ಒತ್ತಲಾಗದೆ ಗಂಡನ ಕೈಗೆ ಕೊಡುತ್ತಿದ್ದೆ, 8 ಗಂಟೆಯ ಲೋಕಲ್‌ನಲ್ಲಿ ಮೇಲಿನ ಹಿಡಿಕೆ ಹಿಡಿಯಲಾಗದೆ ಪಕ್ಕದವರಿಗೆ ಒರಗಿ ನಿಂತು ಬೈಸಿಕೊಳ್ಳುತ್ತಿದ್ದೆ, ಥಾಣೆ ದಾಟುವಷ್ಟರಲ್ಲಿ ಬೆರಳು ತಾನಾಗಿ ಸಡಿಲವಾಗುತ್ತಿತ್ತು.

ನಾನು ಮಾಡಿದ ದೊಡ್ಡ ತಪ್ಪು ಅಂದರೆ, ಒಂದೊಂದು ತೊಂದರೆಯನ್ನು ಒಬ್ಬೊಬ್ಬರಿಗೆ ಹಂಚಿದ್ದು. ದದ್ದು ಚರ್ಮದ ಡಾಕ್ಟರಿಗೆ, ಬೆರಳು ಮೂಳೆ ಡಾಕ್ಟರಿಗೆ, ಜ್ವರ ಬಿಲ್ಡಿಂಗ್ ಕೆಳಗಿನ ಕ್ಲಿನಿಕ್ಕಿಗೆ, ಕೂದಲು ಉದುರೋದು ಪಾರ್ಲರ್ ಹುಡುಗಿಗೆ. ಅವಳು "ಮುಂಬೈ ನೀರೇ ಹಾಗೆ" ಅಂದಳು. ಕ್ಲಿನಿಕ್‌ನವರು ಮಳೆಗಾಲ ಅಂತ ಎರಡು ಸಲ ಡೆಂಗೂ ಪರೀಕ್ಷೆ ಮಾಡಿಸಿದರು. ಅವರ ತಪ್ಪೂ ಅಲ್ಲ, ನಾನು ಜ್ವರ ಬಿಟ್ಟು ಬೇರೇನೂ ಬಾಯಿಬಿಟ್ಟಿರಲಿಲ್ಲ ಅಲ್ವಾ.

ಡಿಸೆಂಬರ್‌ನಲ್ಲಿ ಇನ್ನೊಬ್ಬ ಚರ್ಮದ ಡಾಕ್ಟರ್ ನನ್ನನ್ನು ಕಿಟಕಿ ಬೆಳಕಿಗೆ ತಿರುಗಿಸಿ ನೋಡಿದರು. ಕೆಂಪು ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಹರಡಿತ್ತು, ಆದರೆ ಮೂಗಿನ ಪಕ್ಕದಿಂದ ಬಾಯಿಯ ತುದಿಗೆ ಇಳಿಯುವ ಗೆರೆಯನ್ನು ಬಿಟ್ಟಿತ್ತು. ಬಾಯಿ ತೆಗೆಸಿ ಟಾರ್ಚ್ ಹಾಕಿದರು. ಅಂಗುಳಲ್ಲಿ ಹುಣ್ಣು, ನೋವೇ ಇಲ್ಲದ್ದರಿಂದ ನನಗೆ ಗೊತ್ತೇ ಇರಲಿಲ್ಲ. "ಮೂತ್ರದಲ್ಲಿ ನೊರೆ ಬರುತ್ತಾ?" ಅಂತ ಕೇಳಿದಾಗ ಮುಖದ ದದ್ದಿಗೂ ಮೂತ್ರಕ್ಕೂ ಏನು ಸಂಬಂಧ ಅಂದುಕೊಂಡೆ. ಅದು ಲೂಪಸ್. ನಮ್ಮ ರಕ್ಷಣಾ ವ್ಯವಸ್ಥೆಯೇ ನಮ್ಮ ಚರ್ಮ, ಕೀಲು, ಕಿಡ್ನಿ ಮೇಲೆ ತಿರುಗಿ ಬೀಳುವ ಕಾಯಿಲೆ. ಹೆಚ್ಚಾಗಿ ನಮ್ಮ ವಯಸ್ಸಿನ ಹೆಂಗಸರಿಗೇ ಬರುತ್ತದೆ, ಬಿಸಿಲಿಗೆ ಕೆರಳುತ್ತದೆ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅದಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನುವ ಮಾತ್ರೆ ತಗೊಳ್ತೀನಿ, ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ. 2020ರಲ್ಲಿ ಕೊರೊನಾಕ್ಕೆ ಇದೇ ಮದ್ದು ಅಂತ ಸುದ್ದಿ ಹಬ್ಬಿ ಅಂಗಡಿಗಳಲ್ಲಿ ಖಾಲಿಯಾದಾಗ ಒಂದೊಂದು ಸ್ಟ್ರಿಪ್ಪಿಗೂ ಡೊಂಬಿವಲಿ ಸುತ್ತಿದ್ದೆ, ಅದು ಬೇರೆ ಕಥೆ.

ಇಷ್ಟು ಓದಿ ಸೀದಾ ಲ್ಯಾಬಿಗೆ ಹೋಗಿ ಎಎನ್‌ಎ (ಲೂಪಸ್ ಅನುಮಾನ ಬಂದಾಗ ಮಾಡಿಸುವ ರಕ್ತ ಪರೀಕ್ಷೆ) ಮಾಡಿಸಬೇಡಿ. ಏನೂ ಕಾಯಿಲೆ ಇಲ್ಲದವರಲ್ಲೂ ಅದು ಪಾಸಿಟಿವ್ ಬರುತ್ತದೆ, ಸುಮ್ನೆ ರಾತ್ರಿ ನಿದ್ದೆ ಹಾಳು. ನಿಮ್ಮ ದದ್ದು ರೊಸೇಶಿಯಾ (ಮುಖ ಕೆಂಪಾಗುವ ಇನ್ನೊಂದು ಚರ್ಮದ ತೊಂದರೆ) ಇರಬಹುದು, ಮಾತ್ರೆಯಿಂದ ಬಂದದ್ದಿರಬಹುದು, ಟ್ಯೂಬಿನದ್ದೇ ಪ್ರತಾಪ ಇರಬಹುದು. ಒಂದು ಹಾಳೆಯಲ್ಲಿ ಎಲ್ಲಾ ಬರೆಯಿರಿ: ಯಾವಾಗ ಏನು ಶುರುವಾಯಿತು, ಕಳೆದ ಎರಡು ತಿಂಗಳಲ್ಲಿ ಯಾವ ಹೊಸ ಮಾತ್ರೆ ತಗೊಂಡಿರಿ, ಆಯುರ್ವೇದದ ಪುಡಿಯೂ ಸೇರಿ. ದದ್ದು ಜಾಸ್ತಿ ಇರುವ ದಿನ ಹಗಲು ಬೆಳಕಲ್ಲಿ ಫೋಟೋ ತೆಗೆದಿಡಿ, ಡಾಕ್ಟರ್ ಹತ್ತಿರ ಹೋದ ದಿನವೇ ಅದು ಮಾಯವಾಗಿರುತ್ತದೆ. ಆಮೇಲೆ ಒಬ್ಬರೇ ಡಾಕ್ಟರ ಮುಂದೆ ಪೂರ್ತಿ ಹೇಳಿ. ದುಡ್ಡಿನ ಯೋಚನೆ ಇದ್ದರೆ ನಿಮ್ಮ ಪುಣೆಯಲ್ಲೇ ಸರ್ಕಾರಿ ಸಸೂನ್ ಆಸ್ಪತ್ರೆಯ ಚರ್ಮದ ಓಪಿಡಿ ಇದೆ, ಬೆಳಿಗ್ಗೆ ಬೇಗ ಹೋಗಿ ಸಾಲಲ್ಲಿ ನಿಲ್ಲಬೇಕಾಗುತ್ತದೆ. ಕೀಲು ನೋವೂ ಇರುವುದರಿಂದ ರುಮಟಾಲಜಿ (ಕೀಲು ಮತ್ತು ಲೂಪಸ್‌ನಂಥ ಕಾಯಿಲೆ ನೋಡುವ) ಡಾಕ್ಟರಿಗೆ ತೋರಿಸಬೇಕಾ ಅಂತ ಅಲ್ಲೇ ಕೇಳಿ, ಮೂತ್ರ ಪರೀಕ್ಷೆಯನ್ನೂ ಕೇಳಿ. ಕಿಡ್ನಿಗೆ ತೊಂದರೆಯಾದರೂ ಮೊದಮೊದಲು ನೋವು ಇರುವುದಿಲ್ಲ.

ಇದಕ್ಕೆಲ್ಲ ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ಗಾಜಿನ ಲೋಟ ಒತ್ತಿದರೂ ಮಾಸದ ಕೆನ್ನೀಲಿ ಚುಕ್ಕೆ, ಜೊತೆಗೆ ಜ್ವರ. ಮಾತ್ರೆ ತಗೊಂಡ ಮೇಲೆ ಬಾಯಿ, ಕಣ್ಣು ಹುಣ್ಣಾಗಿ ಚರ್ಮ ಸುಲಿಯುವುದು. ಮುಖ ಊದಿ ಉಸಿರು ಕಟ್ಟುವುದು. ಮಳೆಗಾಲದಲ್ಲಿ ಜೋರು ಜ್ವರ, ದದ್ದು ಎರಡೂ ಬಂದರೆ ಡೆಂಗೂ ಅಲ್ಲ ಅಂತ ಖಾತ್ರಿಯಾಗುವವರೆಗೆ ಐಬುಪ್ರೊಫೆನ್, ಆಸ್ಪಿರಿನ್ ಮುಟ್ಟಬೇಡಿ.

ಆ ಟ್ಯೂಬಿನ ಬಗ್ಗೆ. ಹಚ್ಚಿದರೆ ಇಳಿದು, ಬಿಟ್ಟರೆ ಬರುತ್ತಿದ್ದರೆ ಅದರಲ್ಲಿ ಸ್ಟೆರಾಯ್ಡ್ ಇರುವ ಸಾಧ್ಯತೆ ಜಾಸ್ತಿ. ಮುಖದ ಚರ್ಮ ತೆಳುವಾಗುತ್ತದೆ, ಗಜಕರ್ಣ ಇದ್ದರೆ ಒಳಗೊಳಗೇ ಹರಡುತ್ತದೆ, ನಿಜವಾದ ದದ್ದು ಹೇಗಿತ್ತು ಅಂತ ಡಾಕ್ಟರಿಗೂ ಕಾಣುವುದಿಲ್ಲ. ಇನ್ನು ಹಚ್ಚಬೇಡಿ, ಆದರೆ ಬಿಸಾಡಲೂ ಬೇಡಿ. ಹಾಳೆಯ ಜೊತೆ ಅದನ್ನೂ ಚೀಲಕ್ಕೆ ಹಾಕಿಕೊಳ್ಳಿ.