ಕೆಲಸದ ಮೇಲೆ ಶಿಕಾಗೋಗೆ ಹೊರಟಿದ್ದೇನೆ. ರಾತ್ರಿ ಲೈವ್ ಸಂಗೀತ ಕೇಳಲು ಎಲ್ಲಿಗೆ ಹೋಗಲಿ?

ಎರಡು ವಾರ ಇರುತ್ತೀರಿ, ಹೋಟೆಲ್ ಡೌನ್‌ಟೌನ್‌ನಲ್ಲಿದೆ, ಕುಡಿಯುವ ಅಭ್ಯಾಸವಿಲ್ಲ, ಜೊತೆಗೆ ಯಾರೂ ಇಲ್ಲ ಅಂತ ಬರೆದಿದ್ದೀರಿ. ಇದ್ಯಾವುದೂ ಅಡ್ಡಿಯಲ್ಲ. ನಾನು ಈ ಊರಿನ ಆಚೆಯ ಸಬರ್ಬ್ ಒಂದರಲ್ಲಿ ಇರುವವನು, ಅಮೆರಿಕದ ಕಪ್ಪು ಜನರ ಸಂಗೀತವಾದ ಬ್ಲೂಸ್‌ನ ಹುಚ್ಚು ಸ್ವಲ್ಪ ಜಾಸ್ತಿ. ಆದ್ದರಿಂದ ನನ್ನ ಸಲಹೆ ಒಂದೇ ಕಡೆ ವಾಲಿರುತ್ತದೆ. ರೂಫ್‌ಟಾಪ್ ಬಾರು, ಡಿಜೆ ಎಲ್ಲ ಬೆಂಗಳೂರಿನಲ್ಲೂ ಇದೆ. ಇಲ್ಲಿ ಬ್ಲೂಸ್ ಕೇಳಿ. ಅದೂ ಒಂದು ರಾತ್ರಿಗೆ ಒಂದೇ ಜಾಗ, ಕೊನೆಯ ಸೆಟ್, ಅಂದರೆ ಕೊನೆಯ ಸುತ್ತಿನ ಹಾಡುಗಳು, ಮುಗಿಯುವವರೆಗೆ.

ಕೊನೆಯವರೆಗೆ ಅಂತ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ಮೊದಲ ಸೆಟ್‌ನಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುವ ಹಾಡುಗಳೇ ಬರುತ್ತವೆ. ಟೂರಿಸ್ಟ್‌ಗಳು ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಹನ್ನೊಂದು ಗಂಟೆ ದಾಟಿದ ಮೇಲೆ ಬೇರೆ ಕಡೆ ನುಡಿಸಿ ಮುಗಿಸಿದ ಕಲಾವಿದರು ಗಿಟಾರ್ ಹೆಗಲಿಗೇರಿಸಿಕೊಂಡು ಒಳಗೆ ಬರುವುದುಂಟು. ವೇದಿಕೆಯಿಂದ ಯಾರೋ ಅವರ ಹೆಸರು ಕೂಗುತ್ತಾರೆ. ನಮ್ಮ ಸಂಗೀತ ಕಚೇರಿಯಲ್ಲಿ ಶುರುವಿನ ವರ್ಣ ಮುಗಿದು, ಗಂಟಲು ಬಿಸಿಯಾದ ಮೇಲೆ ಕಳೆ ಕಟ್ಟುತ್ತದಲ್ವಾ, ಹಾಗೆ.

ಇದಕ್ಕೆ ಸರಿಯಾದ ಜಾಗ ಹಾಲ್‌ಸ್ಟೆಡ್ ರಸ್ತೆಯ ಕಿಂಗ್‌ಸ್ಟನ್ ಮೈನ್ಸ್. 1968ರಿಂದ ಇದೆ. ಒಳಗೆ ಎರಡು ವೇದಿಕೆ. ಒಂದರಲ್ಲಿ ಬ್ಯಾಂಡ್ ವಿರಾಮ ತೆಗೆದುಕೊಂಡರೆ ಇನ್ನೊಂದರಲ್ಲಿ ಶುರುವಾಗುತ್ತದೆ, ಜನ ಎದ್ದು ಆ ಕಡೆ ಹೋಗುತ್ತಾರೆ. ವಾರಾಂತ್ಯದಲ್ಲಿ ಬೆಳಗಿನ ಜಾವದವರೆಗೂ ನಡೆಯುತ್ತದೆ. ನೋಡಲು ಏನೂ ಚೆನ್ನಾಗಿಲ್ಲ, ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಹೋಟೆಲ್‌ಗೆ ಹತ್ತಿರ ಬೇಕೆಂದರೆ ವಾಬಾಶ್ ರಸ್ತೆಯ ಬಡಿ ಗೈಸ್ ಲೆಜೆಂಡ್ಸ್. 1936ರಲ್ಲಿ ಲೂಯಿಸಿಯಾನದಲ್ಲಿ ಹುಟ್ಟಿ 1957ರಲ್ಲಿ ಶಿಕಾಗೋಗೆ ಬಂದ ಗಿಟಾರ್ ವಾದಕ ಬಡಿ ಗೈ ಅವರದೇ ಕ್ಲಬ್. ಜನವರಿಯಲ್ಲಿ ಅವರೇ ಅಲ್ಲಿ ನುಡಿಸುವ ರೂಢಿ ಬಹಳ ವರ್ಷಗಳಿಂದ ಇದೆ. ಆ ಟಿಕೆಟ್‌ಗಳು ಬೇಗ ಖಾಲಿಯಾಗುತ್ತವೆ. ನಿಮ್ಮ ಪ್ರವಾಸ ಜನವರಿಯಲ್ಲಾದರೆ ಚಳಿಗೆ ಹೆದರದೆ ಮೊದಲು ಅದನ್ನು ನೋಡಿ.

ಬ್ಲೂಸ್ ಅರ್ಥವಾಗುತ್ತದಾ ಅನ್ನುವ ಅಳುಕು ಬೇಡ. ಸಾಮಾನ್ಯವಾಗಿ ನಾಲ್ಕು ಎಣಿಕೆಯ ಹನ್ನೆರಡು ಸುತ್ತು, ಮೂರೇ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು). ಎಷ್ಟೋ ಹಾಡುಗಳಲ್ಲಿ ಮೊದಲ ಸಾಲನ್ನೇ ಎರಡು ಸಲ ಹೇಳಿ, ಮೂರನೆಯದರಲ್ಲಿ ಉತ್ತರ ಕೊಡುತ್ತಾರೆ. ಕೈಯಲ್ಲಿ ಎಣಿಸುತ್ತಾ ಕೂತರೆ ಮೂರನೇ ಹಾಡಿಗೆ ಹಿಡಿತ ಸಿಗುತ್ತದೆ. ಇಲ್ಲಿನ ಬ್ಲೂಸ್ ಇಷ್ಟು ಜೋರಾಗಿರುವುದಕ್ಕೂ ಕಾರಣವಿದೆ. ಅಮೆರಿಕದ ದಕ್ಷಿಣದ ಹತ್ತಿಹೊಲಗಳನ್ನು ಬಿಟ್ಟು ಲಕ್ಷಾಂತರ ಕಪ್ಪು ಜನ ಉತ್ತರದ ಕಾರ್ಖಾನೆ ಊರುಗಳಿಗೆ ಬಂದರು. ಬ್ಲೂಸ್ ಗಾಯಕ, ಗಿಟಾರ್ ವಾದಕ ಮಡ್ಡಿ ವಾಟರ್ಸ್ ಮಿಸಿಸಿಪಿಯಿಂದ ಬಂದದ್ದು 1943ರಲ್ಲಿ. ಬಾರಿನ ಗದ್ದಲದಲ್ಲಿ ಬರಿಯ ಮರದ ಗಿಟಾರ್ ಯಾರಿಗೂ ಕೇಳಿಸುತ್ತಿರಲಿಲ್ಲ. ಅವರು ಎಲೆಕ್ಟ್ರಿಕ್ ಗಿಟಾರ್ ಹಿಡಿದರು. ಮುಂದೆ ಇಂಗ್ಲೆಂಡಿನ ರಾಕ್ ಹುಡುಗರು ಕಲಿತದ್ದೂ ಇವರ ರೆಕಾರ್ಡ್‌ಗಳನ್ನು ಕೇಳಿಯೇ.

ಗದ್ದಲ ಸಾಕೆನಿಸಿದ ದಿನ ಉತ್ತರಕ್ಕೆ, ಅಪ್‌ಟೌನ್‌ನ ಗ್ರೀನ್ ಮಿಲ್‌ಗೆ ಹೋಗಿ. 1907ರಿಂದ ಇರುವ ಜಾಗ, ಈಗ ಜಾಝ್ ಕ್ಲಬ್. 1920ರ ದಶಕದ ಗ್ಯಾಂಗ್‌ಸ್ಟರ್ ಅಲ್ ಕಪೋನ್ ಕೂರುತ್ತಿದ್ದ ಮೂಲೆ ಅಂತ ಒಂದು ಸೀಟು ತೋರಿಸುತ್ತಾರೆ, ಸುಮ್ನೆ ನೋಡಿ ಬನ್ನಿ. ನನಗೆ ಆ ಜಾಗ ಹಿಡಿಸಿದ್ದು ಬೇರೆ ಕಾರಣಕ್ಕೆ. ನುಡಿಸುವಾಗ ಹರಟೆ ಹೊಡೆದರೆ ಅಲ್ಲಿ ಸುಮ್ಮನಿರಿಸುತ್ತಾರೆ.

ಇನ್ನು ಒಂದಿಷ್ಟು ವ್ಯವಹಾರದ ಮಾತು. ಬಾಗಿಲಲ್ಲಿ ಕವರ್ ಚಾರ್ಜ್, ಅಂದರೆ ಪ್ರವೇಶ ಶುಲ್ಕ, ಇರುತ್ತದೆ, ವಾರದ ನಡುವೆ ಸಾಮಾನ್ಯವಾಗಿ ಕಡಿಮೆ. ವಯಸ್ಸು 21 ಆಗಿದೆ ಅಂತ ತೋರಿಸಬೇಕು. ತಲೆ ನರೆತಿದ್ದರೂ ಕೇಳುತ್ತಾರೆ, ಅಸಲಿ ಪಾಸ್‌ಪೋರ್ಟ್ ಇಟ್ಟುಕೊಳ್ಳಿ. ನಿಂಬೆ ಹಾಕಿದ ಸೋಡಾ ಕೇಳಿ, ಯಾರೂ ತಿರುಗಿ ನೋಡುವುದಿಲ್ಲ. ಆದರೆ ಬಾರ್‌ಟೆಂಡರ್‌ಗೆ ಗ್ಲಾಸಿಗೊಂದು ಡಾಲರ್ ಟಿಪ್ಸ್ ಬಿಡಿ. ಬ್ಯಾಂಡಿನ ಮುಂದೆ ಡಬ್ಬಿ ಇದ್ದರೆ ಅದಕ್ಕೂ ಹಾಕಿ, ಚಿಲ್ಲರೆ ನೋಟು ಜೇಬಿನಲ್ಲಿರಲಿ. ಒಬ್ಬರೇ ಇರುವವರಿಗೆ ಬಾರ್ ಕೌಂಟರಿನ ಸ್ಟೂಲೇ ಒಳ್ಳೆಯದು, ಪಕ್ಕದವರು ತಾವಾಗಿಯೇ ಮಾತಿಗೆ ಸಿಗುತ್ತಾರೆ. ಸಸ್ಯಾಹಾರಿಯಾದರೆ ಮೊದಲೇ ಊಟ ಮುಗಿಸಿ ಹೋಗಿ.

ಈ ಮೂರು ಜಾಗಕ್ಕೂ ರೆಡ್ ಲೈನ್ ರೈಲು ಸಾಕು: ಕ್ರಮವಾಗಿ ಫುಲರ್ಟನ್, ಹ್ಯಾರಿಸನ್, ಲಾರೆನ್ಸ್ ಸ್ಟೇಷನ್‌ಗಳು. ಅದು ರಾತ್ರಿಯಿಡೀ ಓಡುತ್ತದೆ. ಆದರೂ ನಡುರಾತ್ರಿ ಕಳೆದ ಮೇಲೆ ನಾನಾದರೆ ಕ್ಯಾಬನ್ನೇ ಹಿಡಿಯುತ್ತೇನೆ. ಗಾಡಿ ಬಾಗಿಲಿಗೆ ಬರುವವರೆಗೆ ಒಳಗೇ ನಿಂತಿರಿ.

ಯಾವ ತಿಂಗಳು ಅಂತ ನೀವು ಬರೆದಿಲ್ಲ. ಜೂನ್ ಆದರೆ ಶಿಕಾಗೋ ಬ್ಲೂಸ್ ಫೆಸ್ಟಿವಲ್‌ನ ದಿನಗಳನ್ನು ನೋಡಿಕೊಂಡು ವಿಮಾನದ ಟಿಕೆಟ್ ಬುಕ್ ಮಾಡಿ. ಮಿಲೆನಿಯಂ ಪಾರ್ಕಿನಲ್ಲಿ ನಡೆಯುತ್ತದೆ, ಬಿಟ್ಟಿ.