ಇಯುವಿ ಇಲ್ಲದೆ 7 ನ್ಯಾನೋಮೀಟರ್ ಚಿಪ್ ಹೇಗೆ ಬಂತು?

ತೀವ್ರ ಅತಿನೇರಳೆ ಬೆಳಕಿನಿಂದ ಚಿಪ್ಪಿನ ಮೇಲೆ ಸೂಕ್ಷ್ಮ ಗೆರೆಗಳನ್ನು ಮೂಡಿಸುವ ಇಯುವಿ ಯಂತ್ರವನ್ನೇ ಚೀನಾಕ್ಕೆ ಮಾರುವುದಿಲ್ಲ, ಆದರೂ 2023ರಲ್ಲಿ ಬಂದ ಹುವಾವೇ ಮೇಟ್ 60 ಪ್ರೋ ಫೋನಿನಲ್ಲಿ 7 ನ್ಯಾನೋಮೀಟರ್ (ಅಂದರೆ ಬಹಳ ಸೂಕ್ಷ್ಮ ಗೆರೆಗಳ) ಚಿಪ್ ಹೇಗೆ ಅಂತ ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ.

ಅದನ್ನು ಮಾಡಿದ್ದು ಚೀನಾದ ಚಿಪ್ ಕಂಪನಿ ಎಸ್‌ಎಂಐಸಿ, ಇದೇ ಕೆಲಸ ಮಾಡುವ ಹಳೆಯ ಪೀಳಿಗೆಯ ಡಿಯುವಿ ಯಂತ್ರಗಳಲ್ಲಿ. ಈ ಯಂತ್ರಗಳ ಬೆಳಕಿನ ತರಂಗಾಂತರ 193 ನ್ಯಾನೋಮೀಟರ್. ಇಯುವಿಯದು ಬರೀ 13.5. ದಪ್ಪ ಮೊನೆಯ ಪೆನ್ನಿನಲ್ಲಿ ಸಣ್ಣ ಅಕ್ಷರ ಬರೆದ ಹಾಗೆ ಇದು. ಒಂದೇ ಸಲಕ್ಕೆ ಮೂಡದ ಗೆರೆಗಳನ್ನು ಎರಡು, ಮೂರು, ನಾಲ್ಕು ಸಲ ಬೇರೆಬೇರೆಯಾಗಿ ಮೂಡಿಸಿ ಜೋಡಿಸುತ್ತಾರೆ. ಪ್ರತಿ ಸಲವೂ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಹಂತ ಜಾಸ್ತಿಯಾದಷ್ಟೂ ಹಾಳಾಗುವ ಚಿಪ್ಪುಗಳೂ ಜಾಸ್ತಿ, ಖರ್ಚೂ ಜಾಸ್ತಿ.

ಇದು ಪವಾಡ ಏನಲ್ಲ. ತೈವಾನಿನ ಚಿಪ್ ಕಂಪನಿ ಟಿಎಸ್‌ಎಂಸಿ ಕೂಡ 2018ರಲ್ಲಿ ತನ್ನ ಮೊದಲ 7 ನ್ಯಾನೋಮೀಟರ್ ಚಿಪ್ಪುಗಳನ್ನು ಡಿಯುವಿಯಲ್ಲೇ ಮಾಡಿತ್ತು. ಆದರೆ ಮುಂದೆ ಅದು ಇಯುವಿಗೆ ಹೋಯಿತು. ಚೀನಾಕ್ಕೆ ಆ ದಾರಿ ಮುಚ್ಚಿದೆ.

ಹಾಗಾದರೆ ಇಯುವಿಯನ್ನು ತಾವೇ ಕಟ್ಟಬಹುದಲ್ವಾ? ಕಷ್ಟ ಇರುವುದೇ ಅಲ್ಲಿ. ಯಂತ್ರ ನೆದರ್‌ಲ್ಯಾಂಡ್ಸಿನ ಎಎಸ್‌ಎಂಎಲ್ ಕಂಪನಿಯದು, ಆದರೆ ಕನ್ನಡಿಗಳು ಜರ್ಮನಿಯ ಝೈಸ್ ಕಂಪನಿಯವು, ಲೇಸರ್ ಅದೇ ದೇಶದ ಟ್ರಂಪ್ಫ್ ಕಂಪನಿಯದು. ಸೆಕೆಂಡಿಗೆ ಸುಮಾರು 50,000 ತವರದ ಹನಿಗಳಿಗೆ ಲೇಸರ್ ಹೊಡೆದು ಬೆಳಕು ಹುಟ್ಟಿಸುತ್ತಾರೆ. ನನಗಂತೂ ಇದನ್ನು ಓದಿದಾಗಲೆಲ್ಲ ಮೈ ಜುಮ್ಮೆನ್ನುತ್ತದೆ. 2024ರಲ್ಲಿ ಚೀನಾ ತನ್ನ ಸರ್ಕಾರಿ ಚಿಪ್ ಹೂಡಿಕೆ ನಿಧಿಯ ಮೂರನೇ ಕಂತಿಗೆ 344 ಶತಕೋಟಿ ಯುವಾನ್ ಇಟ್ಟಿತು. ಹಣವೇನೋ ಇದೆ. ಇಷ್ಟೊಂದು ಕಂಪನಿಗಳು ದಶಕಗಟ್ಟಲೆ ಕಲಿತ ಕೈಚಳಕವನ್ನು ಒಂದೇ ದೇಶದೊಳಗೆ ಬೆಳೆಸುವುದಕ್ಕೆ ಸಮಯ ಬೇಕು.